ಗುಲಾಬಿ ಗಿರಣಿಯ ಬೋರಲಿಂಗ

ನಗೋದು ಆಮೇಲೆ ಇದ್ದೇ ಇದೆ, ಮೊದಲು ಸಾಕಮ್ಮನ ಸಂಕಟ ಕೇಳಿ. ಅವಳಿಗಿದ್ದದ್ದು ಒಬ್ಬನೇ ಮಗ, ಬೋರಲಿಂಗ. ಆಳು ಆನೆ, ತಲೆ ಖಾಲಿ ಗಡಿಗೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ರೋಗ.

"ಅಕ್ಕಯ್ಯ, ನಿನ್ನ ಮಗ ಒಂದು ಕಡೆ ನೆಟ್ಟಗೆ ಕೆಲಸ ಮಾಡಿ ಮುಗಿಸ್ಲಿ, ನನ್ನ ಮಗಳು ನಿಂಗಾಜೀನ ಧಾರೆ ಎರೆದು ಕೊಡ್ತೀನಿ. ಇಲ್ಲಾಂದ್ರೆ ಬೇರೆ ಗಂಡು ನೋಡ್ತೀನಿ" ಅಂದುಬಿಟ್ಟಿದ್ದ ಅವಳ ತಮ್ಮ ಮುದ್ದೇಗೌಡ.

ಅದೇ ಹೊತ್ತಿಗೆ ಊರಾಚೆ ಹಾಳುಬಿದ್ದ ಅಕ್ಕಿ ಗಿರಣಿಗೆ ಸಿನಿಮಾದೋರು ಬಂದ್ರು. ನಗೆ ಸಿನಿಮಾ. ಅದರ ಡೈರೆಕ್ಟ್ರು ಮಾತ್ರ ನಗೋರಲ್ಲ. ಅವರಿಗೆ ಎಲ್ಲಾ ಗುಲಾಬಿ ಬಣ್ಣದ್ದೇ ಆಗಬೇಕು: ಗೋಡೆ ಗುಲಾಬಿ, ಬಾಗಿಲು ಗುಲಾಬಿ, ಚಹಾದ ಲೋಟವೂ ಗುಲಾಬಿ. ಎಡಕ್ಕೊಂದು ಕುರ್ಚಿ ಇದ್ರೆ ಬಲಕ್ಕೂ ಒಂದು, ಕೂದಲೆಳೆ ಆಚೀಚೆ ಆಗಂಗಿಲ್ಲ. ಸಾಕಮ್ಮ ಅಲ್ಲಿ ಅಡುಗೆಗೆ ಸೇರಿದಳು, ಕಾಡಿ ಬೇಡಿ ಮಗನನ್ನೂ ಬಣ್ಣ ಬಳಿಯೋ, ತೋರಣ ಕಟ್ಟೋ ಕೆಲಸಕ್ಕೆ ಸೇರಿಸಿದಳು.

"ಗುಲಾಬಿ ಬಿಟ್ಟು ಬೇರೆ ಬಣ್ಣ ಕಣ್ಣಿಗೆ ಬೀಳಬಾರದು!" ಅಂದ್ರು ಡೈರೆಕ್ಟ್ರು. ಬೋರಲಿಂಗ ಹೂಂ ಅಂದ. ಬಾಡಿಗೆಗೆ ತಂದ ಎಮ್ಮೆಗೂ ಗುಲಾಬಿ ಬಣ್ಣ ಬಳಿದ, ಕೊಂಬಿನಿಂದ ಬಾಲದ ತನಕ! ತನ್ನ ತಾಯಿ ಎಮ್ಮೆಯನ್ನೇ ನೋಡಿ ಕರು ಹೆದರಿ ಓಡಿತು.

ಸಾಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮುಂಡೇದೆ! ಉಸಿರಾಡೋ ಜೀವಕ್ಕೆಲ್ಲ ಬಣ್ಣ ಬಳೀತಾರೇನೋ? ಬಣ್ಣದ ತಂಟೆ ಬೇಡ. ಎಡಕ್ಕಿರೋದು ಬಲಕ್ಕೂ ಇದೆಯಾ, ಅಷ್ಟು ನೋಡ್ಕೊ!"

"ಸರಿ ಕಣವ್ವ."

ಮಾರನೇ ದಿನ ಹೀರೋ ಎಡಗಣ್ಣಿಗೆ ಪಟ್ಟಿ ಕಟ್ಕೊಂಡು ಬಂದ, ಕತೇಲಿ ಪೆಟ್ಟು ಬಿದ್ದಿರ್ತದೆ. ಬೋರಲಿಂಗ ನೋಡಿದ. ಬಲಗಣ್ಣಿಗಿಲ್ಲ! ಹಿಂದಿನಿಂದ ಹೋಗಿ ಅದಕ್ಕೂ ಒಂದು ಪಟ್ಟಿ ಬಿಗಿದ. ಹೀರೋ ತಡಕಾಡ್ತಾ ಹೋಗಿ ರಟ್ಟಿನ ಗೋಡೆಗೆ ಗುದ್ದಿದ, ಗೋಡೆ ಅಂಗಾತ ಬಿತ್ತು.

"ಇನ್ನೊಂದು ತಪ್ಪಾದ್ರೆ ತಾಯಿ ಮಗ ಇಬ್ರೂ ಆಚೆ!" ಅಂದ್ರು ಡೈರೆಕ್ಟ್ರು.

ಸಾಕಮ್ಮ ಸೌಟು ಎತ್ತಿದಳು. ಹೊಡೆಯೋಕೆ ಮನಸು ಬರಲಿಲ್ಲ, ಅತ್ತುಬಿಟ್ಟಳು. "ನಿಂಗಾಜಿ ಕೈತಪ್ತಾಳೆ ಕಣೋ! ಇಲ್ಲಿ ಯಾವುದೂ ಒಂದೇ ಸಲಕ್ಕೆ ಮುಗಿಯಲ್ಲ. 'ಓಕೆ' ಅನ್ನೋ ತನಕ ಕಟ್ಟಿದ್ದನ್ನ ಬಿಚ್ಚು, ಮತ್ತೆ ಕಟ್ಟು. 'ಓಕೆ' ಅಂದಮೇಲೆ ಎಲ್ಲಾ ಕಿತ್ತು ಗಾಡಿಗೆ ತುಂಬು. ತಿಳೀತಾ?"

ತಿಳೀತು. ಅದೊಂದು ಚೆನ್ನಾಗೇ ತಿಳೀತು. ತೋರಣ ಕಟ್ಟಿದ, ಬಿಚ್ಚಿದ, ಕಟ್ಟಿದ, ಬಿಚ್ಚಿದ. ಓಕೆ ಅಂದ್ರೆ ಕಿತ್ತ, ತುಂಬಿದ. ಶೂಟಿಂಗ್ ಮುಗಿಯೋ ತನಕ ಒಂದು ತಪ್ಪಿಲ್ಲ! ಮುದ್ದೇಗೌಡ ಕೊಟ್ಟ ಮಾತು ಉಳಿಸ್ಕೊಂಡ. ಮನೆ ಮುಂದೆ ಚಪ್ಪರ ಎದ್ದಿತು.

ಗಟ್ಟಿಮೇಳ! ಬೋರಲಿಂಗ ನಿಂಗಾಜಿ ಕೊರಳಿಗೆ ತಾಳಿ ಕಟ್ಟಿದ, ಮೂರು ಗಂಟು ಹಾಕಿದ. ಸುತ್ತ ನೋಡಿದ. ಯಾರೂ ಓಕೆ ಅನ್ನಲಿಲ್ಲ. ಬಿಚ್ಚಿದ!

"ಅಯ್ಯಯ್ಯೋ!" ಅಂದ್ರು ಹೆಂಗಸರು. ಬೋರಲಿಂಗ ಮತ್ತೆ ಕಟ್ಟಿದ, ಸುತ್ತ ನೋಡಿದ, ಮತ್ತೆ ಬಿಚ್ಚೋಕೆ ಕೈ ಹಾಕಿದ. ಮುದ್ದೇಗೌಡ ಎದ್ದು ನಿಂತ. ಸಾಕಮ್ಮನಿಗೆ ಎಲ್ಲಿಂದ ಹೊಳೀತೋ, ಚೀರಿದಳು: "ಓಕೆ ಕಣಪ್ಪಾ, ಓಕೆ!"

ಕೈ ನಿಂತಿತು. ತಾಳಿ ಉಳೀತು.

ಬೋರಲಿಂಗ ಎದ್ದ, ಪೇಟ ಬಿಗಿ ಮಾಡ್ಕೊಂಡ. ನಿಂಗಾಜೀನ ಹಸೆಮಣೆ ಸಮೇತ ಎತ್ತಿ ಗಾಡಿಗಿಟ್ಟ. ವಾಪಸ್ ಬಂದು ಚಪ್ಪರದ ನಡುಗಂಬ ಕಿತ್ತ.

ಗಾಡಿ ಮೇಲಿದ್ದ ನಿಂಗಾಜಿ ಬಿದ್ದೂ ಬಿದ್ದೂ ನಕ್ಕಳು. ಉಳಿದೋರೆಲ್ಲ ಚಪ್ಪರದಡಿ. ಸೊಪ್ಪಿನ ರಾಶಿಯೊಳಗಿಂದ ಸಾಕಮ್ಮನ ದನಿ ಬಂತು: "ಇನ್ನು ಅವನಿಗೆ ಯಾರೂ ಏನೂ ಹೇಳಬೇಡ್ರಪ್ಪೋ!"