ಯಾರ ಕುರಿ, ಯಾರ ಹರಕೆ

ಕಾಲು ಒಳಗೆ ಎಳ್ಕೊ, ಕಂಬಳಿ ಹೊದ್ಕೊ. ನೀನು ಹ್ಞೂಂ ಅಂತಾ ಇರ್ಬೇಕು, ನಿನ್ನ ಹ್ಞೂಂ ನಿಂತ್ರೆ ನನ್ನ ಕತೆನೂ ನಿಲ್ಲುತ್ತೆ. ಒಂದಾನೊಂದು ಕಾಲದಲ್ಲಿ, ದಾವೀದ ರಾಜ ಮಣ್ಣಾಗಿ ಎಷ್ಟೋ ತಲೆಮಾರು ಕಳೆದಿತ್ತು, ಆದ್ರೆ ಅವನು ಕಟ್ಟಿದ ಕೀರ್ತನೆಗಳನ್ನ ಮಾತ್ರ ಜನ ಇನ್ನೂ ದಾರಿ ಉದ್ದಕ್ಕೂ ಹಾಡ್ತಿದ್ರು, ಅಂಥಾ ಕಾಲದಲ್ಲಿ ಯೂದಾಯ ಸೀಮೇಲಿ ಕುರಿ ಕಾಯೋರ ಒಂದು ಊರಿತ್ತಂತೆ. ಆ ಊರಲ್ಲಿ ತಿರ್ಚಾ ಅಂತ ಒಬ್ಬಳು, ಗಂಡ ಸತ್ತವಳು, ಅವಳಿಗೆ ಯೆಮೀಮ ಅಂತ ನಿನ್ನಷ್ಟೇ ಎತ್ತರದ ಮಗಳು, ಮತ್ತೆ ಒಂದೇ ಒಂದು ಕುರಿಮರಿ. ಇಷ್ಟೇ ಅವಳ ಆಸ್ತಿ.

ಒಂದು ಸಲ ಯೆಮೀಮಳಿಗೆ ಜ್ವರ ಬಂತಂತೆ. ಅಂಥಿಂಥ ಜ್ವರ ಅಲ್ಲ, ಮೈಮೇಲೆ ಹಾಕಿದ ಒದ್ದೆ ಬಟ್ಟೆ ಹಂಗೇ ಒಣಗಿ ಹೋಗ್ತಿತ್ತು. ತಿರ್ಚಾ ಯಾರನ್ನ ಕೂಗ್ತಾಳೆ? ಬಾಗಿಲಿಗೆ ಬಂದು ಆಕಾಶ ನೋಡಿ ಕೂಗಿದಳಂತೆ, ಈ ಕೂಸನ್ನ ಉಳಿಸಿಕೊಡಪ್ಪಾ, ಬರೋ ಹಬ್ಬಕ್ಕೆ ಈ ಮರೀನ ಯೆರೂಸಲೇಮಿನ ನಿನ್ನ ಬೆಟ್ಟಕ್ಕೆ ತರ್ತೀನಿ, ನಾಲ್ಕು ಜನರ ಎದುರಿಗೆ ನಿನ್ನ ಉಪಕಾರ ಹೇಳ್ತೀನಿ ಅಂತ. ಆಮೇಲೆ ಕೂಸು ಬೆವೆತು, ಜ್ವರ ಬಿಟ್ಟು, ಎದ್ದು ಕೂತು ಗಂಜಿ ಕೇಳ್ತಂತೆ.

ಅಲ್ಲಿಂದ ಶುರುವಾಯ್ತು ನೋಡು ಅವಳ ಭಯ. ಜ್ವರ ಇದ್ದಾಗಿನದಕ್ಕಿಂತ ಬಿಟ್ಟ ಮೇಲೇ ಹೆಚ್ಚು. ಹರಕೆ ತಪ್ಪಿಬಿಟ್ರೆ ಏನು ಗತಿ? ಕೊಟ್ಟೋನು ವಾಪಸ್ ಕೇಳಿಬಿಟ್ರೆ? ಹಿಟ್ಟು ಬೀಸ್ತಾ ಬೀಸ್ತಾ ಎದ್ದು ಬಂದು ಮಗಳ ಹಣೆ ಮುಟ್ಟಿ ನೋಡೋಳಂತೆ. ಬಿಡೇ ಅಮ್ಮ, ಚೆನ್ನಾಗಿದೀನಿ ಅಂತ ಯೆಮೀಮ ಕೈ ತಳ್ಳೋಳು, ಇವಳು ಮತ್ತೆ ಮುಟ್ಟೋಳು.

ಆ ಹರಕೆಗೆ ಒಂದು ಕಟ್ಟಳೆ ಇತ್ತು, ಸರಿಯಾಗಿ ಕೇಳಿಸ್ಕೊ. ಕುರಿ ಕೊಬ್ಬು ಬೆಂಕಿಗೆ, ಒಂದು ಪಾಲು ಬಲಿ ಅರ್ಪಿಸೋ ಯಾಜಕರಿಗೆ, ಮಿಕ್ಕಿದ್ದೆಲ್ಲ ಹರಕೆ ಹೊತ್ತೋರಿಗೇ. ಅದನ್ನ ಬೇಯಿಸಿ ಜನಕ್ಕೆ ಬಡಿಸ್ಬೇಕು, ಆದ್ರೆ ಅವತ್ತಿಂದು ಅವತ್ತೇ ಮುಗೀಬೇಕು. ಮಾರನೇ ಬೆಳಿಗ್ಗೆಗೆ ಒಂದು ತುಂಡು ಉಳೀತೋ, ಹರಕೆ ಸಲ್ಲಲಿಲ್ಲ ಅಂತಲೇ ಅರ್ಥ. ಅದಕ್ಕೇ ಹರಕೆಯೋರು ದಾರೀಲಿ ಹೋಗೋರನ್ನೂ ಬನ್ರಪ್ಪಾ ಬನ್ನಿ ಅಂತ ಕರೆಯೋರಂತೆ. ಆಮೇಲೆ ಎಲ್ಲರ ಕೈಯಲ್ಲಿ ತುತ್ತು ಇರುವಾಗ ಎದ್ದು ನಿಂತು, ನನಗೆ ಹಿಂಗಾಗಿತ್ತು, ದೇವರು ಹಿಂಗೆ ಕಾಪಾಡಿದ ಅಂತ ಬಾಯಿಬಿಟ್ಟು ಹೇಳ್ಬೇಕು. ಉಂಡೋರು ಆಮೆನ್ ಅಂದ್ರೆ ಹರಕೆ ಸಂದಂಗೆ. ತಿರ್ಚಾ ಮಗಳಿಗೇ ಮೂರು ಮಾತು ಕಲಿಸಿದ್ದಳಂತೆ. ಜ್ವರ ಬಂದಿತ್ತು. ಅಮ್ಮ ಕೂಗಿದಳು. ನೀನು ಕೇಳಿಸ್ಕೊಂಡೆ. ಅಷ್ಟೇ. ಆ ಕೂಸು ಅದನ್ನ ಕುಂತಾಗ ನಿಂತಾಗ ಹೇಳ್ಕೊಂಡು ಓಡಾಡ್ತಿತ್ತು.

ಈಗ ಆ ಊರ ಹಿರಿಯನ ಸುದ್ದಿ. ಪೆಲಟ್ಯ ಅಂತ ಹೆಸರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮಾಳಿಗೆ ಹತ್ತಿ ಪ್ರಾರ್ಥನೆ ಮಾಡೋನು, ಹಟ್ಟೀಲಿದ್ದ ಕುರಿಗಳೂ ಬೆಚ್ಚಿ ತಿರುಗಿ ನೋಡ್ಬೇಕು, ಅಷ್ಟು ಜೋರು. ಕೀರ್ತನೆ ಎತ್ತಿದ್ರೆ ಎಲ್ಲರಿಗಿಂತ ಮೊದಲು ಅವನದ್ದೇ ಗಂಟಲು. ಮಾಳಿಗೆ ಇಳಿದು ಬಂದ ಬಾಯಲ್ಲೇ ಒಡಹುಟ್ಟಿದ ತಮ್ಮನ ಮೇಲೆ ಚಾಡಿ ಹೇಳೋನು, ಪಕ್ಕದೋರ ಬೇಲಿ ಒಳಕ್ಕೆ ಒತ್ತೋನು. ಓದೋದು ಶಾಸ್ತ್ರ, ಇಕ್ಕೋದು ಗಾಳ. ನನಗೆ ಅಂಥೋರನ್ನ ಕಂಡ್ರೆ ಮೈ ಉರಿಯುತ್ತೆ, ಇರ್ಲಿ. ಈ ಸಲದ ಹಬ್ಬಕ್ಕೆ ನನ್ನ ದೊಡ್ಡ ಟಗರು ಬೆಟ್ಟಕ್ಕೆ ಹರಕೆ ಅಂತ ಊರಬಾಗಿಲಲ್ಲಿ ನಿಂತು ಅವನು ಸಾರಿದ್ದನಂತೆ. ಯಾಕಪ್ಪಾ, ನಿನಗೇನಾಗಿತ್ತು ಅಂತ ಯಾರೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ.

ಹಬ್ಬ ಬಂತು, ಊರೆಲ್ಲ ಒಟ್ಟಿಗೆ ಹೊರಟರಂತೆ. ಯೆರೂಸಲೇಮಿಗೆ ಮೂರು ದಿನದ ದಾರಿ, ತೋಳದ ಕಾಟ ಬೇರೆ, ಅದಕ್ಕೆ ಎಲ್ಲರ ಕುರಿಗಳೂ ಪೆಲಟ್ಯನ ಆಳುಗಳ ಕಾವಲಲ್ಲೇ ಹೋಗ್ಬೇಕು. ತಿರ್ಚಾಳ ಮರೀನೂ ಅದರಲ್ಲೇ ಹೋಯ್ತು. ಮೊದಲನೇ ದಿನ ಏನಾಯ್ತಪ್ಪಾ ಅಂದ್ರೆ, ಪೆಲಟ್ಯನ ಟಗರು ಕಲ್ಲಿನ ಸಂದಿಗೆ ಕಾಲಿಟ್ಟು ಮುಗ್ಗರಿಸಿ ಮುಂಗಾಲು ಉಳುಕಿಸ್ಕೊಂಡು ಕುಂಟೋಕೆ ಶುರುಮಾಡ್ತು. ಕುಂಟು ಕುರಿ, ಕುರುಡು ಕುರಿ ಬೆಟ್ಟಕ್ಕೆ ಆಗಲ್ಲ. ಪೆಲಟ್ಯನ ಮುಖ ಇಷ್ಟೇ ಇಷ್ಟು ಆಯ್ತಂತೆ. ಊರೆಲ್ಲ ಸಾರಿದ್ದಾನಲ್ಲ, ಬರಿಗೈಲಿ ಹೋಗೋದು ಹೆಂಗೆ?

ಎರಡನೇ ದಿನ ಅವನು ತಿರ್ಚಾಳ ಹತ್ತಿರ ಬಂದು ಬಾಯಲ್ಲಿ ಬೆಲ್ಲ ಇಟ್ಕೊಂಡು ಮಾತಾಡಿದನಂತೆ. ತಂಗೀ, ನಿನ್ನ ಹರಕೆ ನಿನಗೂ ದೇವರಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ, ನನ್ನದು ಊರಿಗೇ ಗೊತ್ತು. ನಿನ್ನ ಮರಿ ನನಗೆ ಕೊಡು, ನನ್ನ ಟಗರು ನೀನು ತಗೋ, ನಿನ್ನದರ ಮೂರರಷ್ಟಿದೆ, ನಿನಗೇ ಲಾಭ ಅಂದ. ಅಣ್ಣಾ, ಈ ಹಬ್ಬಕ್ಕೇ ಅಂತ ಮಾತು ಕೊಟ್ಟಿದೀನಿ, ಇದೇ ಮರಿ ಅಂತ ಹೇಳಿದೀನಿ, ಮಗೂನ ಜೀವದ ಮಾತು ಅಂತ ತಿರ್ಚಾ ಬೇಡ್ಕೊಂಡಳು. ಅದಕ್ಕೆ ಅವನು ಕಣ್ಣು ಮೇಲೆ ಮಾಡಿ, ದೇವರು ಕುರಿ ನೋಡ್ತಾನಾ ತಂಗಿ? ಅವನು ನೋಡೋದು ಹೃದಯ. ನಿನ್ನಂಥೋಳಿಗೆ ಬರಿಗೈ ಸಾಕು ಅಂದನಂತೆ.

ಅವನ ಬಾಯಿಂದ ಆ ಮಾತು! ದೇವರ ಹೆಸರು ಮುಂದಿಟ್ಕೊಂಡು ಕೇಳೋರಿಗೆ ಇಲ್ಲ ಅನ್ನೋದು ಬಹಳ ಕಷ್ಟ ಕಣೇ. ಅವಳು ಏನು ಹೇಳೋದು ಅಂತ ಯೋಚಿಸೋದ್ರೊಳಗೆ ಆಳು ಮರಿಯ ಹಗ್ಗ ಬಿಚ್ಚಿ ಆ ಕಡೆ ಕಟ್ಟಿ ಆಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಆ ಸಂಜೆ ಮಗಳ ಹಣೆ ಮುಟ್ಟಿದ್ರೆ ಬೆಚ್ಚಗಿದ್ದಂಗಿತ್ತು. ಬಿಸಿಲಿಗೋ, ನಡೆದ ದಣಿವಿಗೋ, ಇನ್ನು ಯಾತಕ್ಕೋ? ತಿರ್ಚಾ ರೊಟ್ಟಿ ಮುರಿದು ಹಂಗೇ ಇಟ್ಟುಬಿಟ್ಟಳು.

ಮೂರನೇ ದಿನ ಬೆಟ್ಟ ಹತ್ತೋದು. ಜನ ಹಾಡ್ತಾ ಹತ್ತುತ್ತಿದ್ರು, ಎಲ್ಲರಿಗಿಂತ ಮುಂದೆ ಪೆಲಟ್ಯ ಎದೆ ಉಬ್ಬಿಸ್ಕೊಂಡು ಹಾಡ್ತಿದ್ದ. ಎಲ್ಲರಿಗಿಂತ ಹಿಂದೆ ತಿರ್ಚಾ, ಆ ಕುಂಟು ಟಗರನ್ನ ಎಳೆದು, ನೂಕಿ, ಸ್ವಲ್ಪ ದೂರ ಎತ್ಕೊಂಡು. ಬೆವರು ಸುರೀತಿತ್ತು, ಹಾಡು ಬಾಯಿಗೆ ಬರ್ತಿರ್ಲಿಲ್ಲ. ಅವಳ ಬಾಯಿಗೆ ಬಂದದ್ದು ಶಾಪ. ನಿನ್ನ ನಾಲಿಗೆ ಸೇದಿ ಹೋಗ ಅಂತ ಬೈದೂ ಬಿಟ್ಟಳಂತೆ, ಬೈದು ಕೆನ್ನೆ ಕೆನ್ನೆ ಬಡ್ಕೊಂಡಳಂತೆ. ಪಕ್ಕದಲ್ಲಿ ಯೆಮೀಮ ಮಾತ್ರ ತನ್ನ ಮೂರು ಮಾತು ಹೇಳ್ಕೊಂಡು ಕುಣೀತಾ ಬರ್ತಿತ್ತು. ಮರಿ ಕೈಬಿಟ್ಟು ಹೋಯ್ತು ಅಂತ ಅದಕ್ಕೆ ಯಾರು ಹೇಳಿದ್ರು?

ಬೆಟ್ಟದ ಮೇಲೆ ದೇವಾಲಯದ ದೊಡ್ಡ ಬಾಗಿಲು. ಬಾಗಿಲಲ್ಲಿ ಶಲ್ಲೂಮ ಅಂತ ಒಬ್ಬ ಮುದುಕ ಕಾವಲುಗಾರ. ಒಳಗೆ ಹೋಗೋರನ್ನೆಲ್ಲ ಅವನು ಮೂರು ಪ್ರಶ್ನೆ ಕೇಳೋನಂತೆ, ಅದು ಅಲ್ಲಿಯ ಪದ್ಧತಿ. ಕೈ ಶುದ್ಧವೋ? ನಾಲಿಗೆ ಶುದ್ಧವೋ? ಮನಸ್ಸು ಶುದ್ಧವೋ? ಪೆಲಟ್ಯ ತಿರ್ಚಾಳ ಮರಿಯನ್ನ ಹಿಡ್ಕೊಂಡು ಬಂದು, ಮುದುಕ ಬಾಯಿ ತೆಗೆಯೋಕೆ ಮುಂಚೆನೇ ಶುದ್ಧ, ಶುದ್ಧ, ಶುದ್ಧ ಅಂತ ಒಂದೇ ಉಸಿರಲ್ಲಿ ಅಂದು ಸರಕ್ಕನೆ ಒಳಗೆ ಹೋದ. ಮಿಕ್ಕೋರೂ ಹಂಗೇ. ಬಾಯಿಪಾಠ ಆಗಿಹೋಗಿತ್ತಲ್ಲ, ನೀನು ಮಗ್ಗಿ ಒಪ್ಪಿಸಿದ ಹಾಗೆ.

ತಿರ್ಚಾ ಬಂದಳು. ಮುದುಕ ಟಗರಿನ ಕಾಲು ಹಿಡಿದು ನೋಡಿ, ಇದು ಆಗಲ್ಲ ತಾಯಿ ಅಂದ, ಅದನ್ನ ಕಂಬಕ್ಕೆ ಕಟ್ಟಿದ. ಆಮೇಲೆ ತನ್ನ ಪ್ರಶ್ನೆ ಕೇಳಿದ. ಕೈ ಶುದ್ಧವೋ? ಶುದ್ಧ, ಆದ್ರೆ ಬರಿಗೈ ಅಂದಳು. ನಾಲಿಗೆ? ಇಲ್ಲಪ್ಪಾ, ದಾರೀಲಿ ಒಬ್ಬನಿಗೆ ಶಾಪ ಹಾಕಿಬಿಟ್ಟೆ. ಮನಸ್ಸು? ಅದಂತೂ ಕೇಳಲೇ ಬೇಡ, ಅವನ ಮೇಲಿನ ಸಿಟ್ಟು ಒಂದು ಕಡೆ, ನನ್ನ ಮಗು ಏನಾಗುತ್ತೋ ಅನ್ನೋ ಹೆದರಿಕೆ ಒಂದು ಕಡೆ, ಇನ್ನೇನೂ ಇಲ್ಲ ಅದರಲ್ಲಿ ಅಂತ ಅತ್ತೇ ಬಿಟ್ಟಳು. ಹಿಂದೆ ನಿಂತೋರು ಕಿಸಕ್ಕನೆ ನಕ್ಕರು. ಶಲ್ಲೂಮ ನಗಲಿಲ್ಲ. ಈ ಬಾಗಿಲಲ್ಲಿ ಕೂತು ನನ್ನ ಗಡ್ಡ ಬೆಳ್ಳಗಾಯ್ತು, ಕೇಳಿದ್ದನ್ನ ಕೇಳಿಸ್ಕೊಂಡು ಉತ್ತರ ಕೊಟ್ಟೋಳು ನೀನೇ, ಒಳಗೆ ಹೋಗು ಅಂದನಂತೆ. ಆದ್ರೆ ಅವಳು ಹೋಗಲಿಲ್ಲ. ಬರಿಗೈಲಿ ಯಾವ ಮುಖ ಹೊತ್ತು ಹೋಗಲಿ ಅಂತ ಅಲ್ಲೇ ಮೆಟ್ಟಿಲ ಮೇಲೆ, ಭಿಕ್ಷೆಯೋರ ಸಾಲಲ್ಲಿ, ಮಗಳನ್ನ ತಬ್ಬಿ ಕೂತುಬಿಟ್ಟಳು.

ಹೊತ್ತು ಇಳೀತಾ ಬಂತು. ಒಳಗಡೆಯಿಂದ ಹೊಗೆ, ಹಾಡು, ಬೆಂದ ಮಾಂಸದ ಘಮ. ಹೊತ್ತು ಮುಳುಗಿದ್ರೆ ಹಬ್ಬ ಮುಗೀತು, ಹಬ್ಬ ಮುಗಿದ್ರೆ ಅವಳ ಮಾತು ತಪ್ಪಿತು. ಗೋಡೆಯ ನೆರಳು ಒಂದೊಂದು ಮೆಟ್ಟಿಲು ಇಳಿದಾಗಲೂ ಅವಳು ಮಗಳ ಹಣೆ ಮುಟ್ಟೋಳು. ಬಿಸಿನೋ? ಅಲ್ಲವೋ?

ಅಮ್ಮಾ, ಹಸಿವು ಅಂತು ಯೆಮೀಮ.

ಆ ಹೊತ್ತಿಗೆ ಒಳಗೆ ಪೆಲಟ್ಯನ ಪಾಡು ಕೇಳು. ಅವನು ಊಟಕ್ಕೆ ಕರೆದಿದ್ದು ಬರೀ ದೊಡ್ಡವರನ್ನ. ದೊಡ್ಡವರಿಗೆ ಅವತ್ತು ಹತ್ತು ಕಡೆ ಊಟ. ಹೊಟ್ಟೆ ತುಂಬಿದೆ, ಇನ್ನೊಂದು ಸಲ ಬರ್ತೀವಿ ಅಂತ ಒಬ್ಬೊಬ್ಬರೇ ಹೇಳಿ ಕಳಿಸಿದ್ರು. ಕೊಳಗ ತುಂಬಾ ಮಾಂಸ ಹಂಗೇ ಕೂತಿದೆ, ಹೊತ್ತು ಮುಳುಗ್ತಿದೆ. ಉಳಿದ್ರೆ ಊರ ಮುಂದೆ ಮಾನ ಹೋಗುತ್ತೆ. ಈಗ ಹೆದರೋ ಸರದಿ ಅವನದ್ದು. ಓಡ್ರೋ, ಬಾಗಿಲಲ್ಲಿ ಯಾರಿದ್ರೂ ಎಳ್ಕೊಂಡು ಬನ್ನಿ ಅಂತ ಆಳುಗಳನ್ನ ಅಟ್ಟಿದನಂತೆ.

ಬಂದ್ರು. ಕುರುಡರು, ಕುಂಟರು, ಹಸುಗೂಸು ಎತ್ಕೊಂಡೋರು, ಕಾವಲು ಮುಗಿಸಿದ ಶಲ್ಲೂಮ, ಅವನ ಹಿಂದೆ ತಿರ್ಚಾ. ಅವನ ಅನ್ನ ನನಗೆ ಬೇಡ ಅಂತ ಅವಳ ಸಿಟ್ಟು ಹೇಳ್ತಿತ್ತು, ಮಗಳ ಹೊಟ್ಟೆ ಬೇರೆ ಹೇಳ್ತಿತ್ತು. ತಾಯಿ ಯಾವತ್ತೂ ಯಾವ ಮಾತು ಕೇಳ್ತಾಳೆ ಅಂತ ನಿನಗೆ ಗೊತ್ತೇ ಇದೆ. ತಲೆ ತಗ್ಗಿಸಿ ಬಂದು ಕೂತಳು. ಪೆಲಟ್ಯ ಅವಳನ್ನ ನೋಡಿದ, ನೋಡಿ ಆ ಕಡೆ ಮುಖ ತಿರುಗಿಸಿದ. ಎಲ್ಲರ ಕೈಗೂ ತುತ್ತು ಬಂತು, ತಿರ್ಚಾ ತನ್ನದನ್ನ ಮಗಳ ಕೈಗೇ ಇಟ್ಟಳು. ಅವನು ಎದ್ದು ನಿಂತು ಗಂಟಲು ಸರಿಮಾಡ್ಕೊಂಡು, ದೊಡ್ಡ ದೊಡ್ಡ ಮಾತು ಜೋಡಿಸಿದ ಹಾಡು ಶುರುಮಾಡಿದ. ಸ್ವಲ್ಪ ಹಾಡಿದನೋ ಇಲ್ಲವೋ, ಯೆಮೀಮ ಅವನ ಪಂಚೆ ಜಗ್ಗಿ, ತಾತಾ, ನಿನಗೇನಾಗಿತ್ತು ಅಂತ ಕೇಳ್ತಂತೆ.

ಅವನ ಹಾಡು ಅಲ್ಲಿಗೇ ನಿಂತುಹೋಯ್ತು. ಏನಾಗಿತ್ತು? ಏನೂ ಆಗಿರ್ಲಿಲ್ಲ. ಅವನು ಕಷ್ಟ ಅಂತ ದೇವರನ್ನ ಕೂಗಿದ್ದೇ ಇಲ್ಲ, ದೇವರು ಕಾಪಾಡಿದ್ದು ಏನು ಅಂತ ಹೇಳ್ತಾನೆ? ಜನ ತುತ್ತು ಕೈಲಿಟ್ಕೊಂಡು ಕಾಯ್ತಿದ್ರು. ತಾತನಿಗೆ ಮಾತು ಮರೆತು ಹೋಗಿದೆ ಅನ್ಕೊಂಡು ಆ ಕೂಸು ತಾನೇ ಎದ್ದು ನಿಂತು, ಕೈ ಮುಗಿದು, ಅಷ್ಟು ದಿನದಿಂದ ಕಲಿತಿದ್ದನ್ನ ಹೇಳೇ ಬಿಡ್ತು. ಜ್ವರ ಬಂದಿತ್ತು. ಅಮ್ಮ ಕೂಗಿದಳು. ನೀನು ಕೇಳಿಸ್ಕೊಂಡೆ.

ಆಮೆನ್ ಅಂದ್ರು ಎಲ್ಲರೂ. ಕುರುಡರು, ಕುಂಟರು, ಆಳುಗಳು ಸಮೇತ.

ತಿರ್ಚಾ ಧಡಕ್ಕನೆ ಎದ್ದಳು. ಅಯ್ಯೋ ನನ್ನ ಕೂಸೇ, ಇದು ನಮ್ಮ ಊಟ ಅಲ್ಲ, ಸುಮ್ನೆ ಕೂತ್ಕೊ ಅಂತ ಎಳೆದು ಕೂರಿಸಿದಳು. ಆಗ ಪೆಲಟ್ಯ ಹೇಳಿದ. ಮೂರು ಹೊತ್ತೂ ಊರಿಗೆ ಕೇಳೋ ಹಂಗೆ ಕೂಗ್ತಿದ್ದ ಗಂಟಲು, ಈಗ ಪಕ್ಕದಲ್ಲಿದ್ದೋರಿಗೂ ಸರಿಯಾಗಿ ಕೇಳ್ಲಿಲ್ಲವಂತೆ. ಕುರಿ ನಂದಲ್ಲ ಅಂದ. ಏನಂದೆ ಅಂದ್ರು ಜನ. ಕುರಿ ನಂದಲ್ಲ, ಇವಳದ್ದು. ಇವಳಿಂದ ಕಿತ್ಕೊಂಡೆ, ದೇವರ ಹೆಸರಲ್ಲೇ ಕಿತ್ಕೊಂಡೆ ಅಂತ ಹೇಳಿ ದಬಕ್ಕನೆ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಶಲ್ಲೂಮ ನಿಧಾನಕ್ಕೆ ತುತ್ತು ನುಂಗಿ, ತಿರ್ಚಾಳ ಕಡೆ ತಿರುಗಿದ. ಯಾರ ಕುರಿನೋ ಅವರದ್ದೇ ಹರಕೆ ತಾಯಿ. ನೀನು ಹೇಳಿದ ಹಬ್ಬ, ನೀನು ಹೇಳಿದ ಮರಿ, ಕರೀಬೇಕಾದ ಜನ, ಹೇಳಬೇಕಾದ ಮಾತು. ಕೊಳಗ ನೋಡು, ಬರಿದಾಯ್ತು. ಇನ್ನೇನು ಬಾಕಿ ಅಂತ ಅಳ್ತೀಯ? ಅಂದನಂತೆ. ತಿರ್ಚಾ ಕೊಳಗ ನೋಡಿದಳು, ಮಗಳ ಹಣೆ ಮುಟ್ಟಿದಳು. ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯ್ತಂತೆ, ಅಷ್ಟೊತ್ತಿಗೆ ಊಟವೇ ಇರ್ಲಿಲ್ಲ ಪಾಪ, ಯೆಮೀಮ ತನ್ನ ಕೈಲಿದ್ದ ಕೊನೇ ತುತ್ತು ಅವಳ ಬಾಯಿಗಿಟ್ಟಳು.

ಹಂಗಾದ್ರೆ ನಾನು ದೇವರಿಗೆ ಏನೂ ಕೊಡಲೇ ಇಲ್ಲವಾ ಅಂತ ಪೆಲಟ್ಯ ಕೂತಲ್ಲಿಂದಲೇ ಕೇಳಿದ. ಈಗ ತಾನೆ ಒಂದು ನಿಜ ಕೊಟ್ಟೆಯಲ್ಲಪ್ಪ, ಅದರಲ್ಲಿ ಕುಂಟಿರಲಿಲ್ಲ ಅಂದ ಮುದುಕ.

ಆಮೇಲೆ ಇಳಿಯೋ ದಾರೀಲಿ ಆ ಕುಂಟು ಟಗರನ್ನ ಹೆಗಲ ಮೇಲೆ ಹೊತ್ಕೊಂಡು ಬಂದೋನು ಪೆಲಟ್ಯ. ಇದೇನಣ್ಣಾ ಅಂತ ಮೊದಲನೇ ಊರಲ್ಲಿ ಕೇಳಿದ್ರೆ ಸುಮ್ಮನಿದ್ದ, ಎರಡನೇ ಊರಲ್ಲಿ ಅರ್ಧ ಹೇಳಿದ, ಮೂರನೇ ಊರು ಅವನ ಸ್ವಂತ ಊರು, ಅಲ್ಲಿ ಪೂರ್ತಿ ಹೇಳಿದ. ಟಗರನ್ನ ತಿರ್ಚಾಳ ಹಟ್ಟೀಲಿ ಕಟ್ಟಿ, ಜೊತೆಗೆ ಮೂರು ಕುರಿ ಬಿಟ್ಟು, ತಮ್ಮನ ಮನೆ ಬಾಗಿಲು ತಟ್ಟೋಕೆ ಹೋದ. ಟಗರಿನ ಕಾಲು ವಾಸಿಯಾಗಿ, ತಿರ್ಚಾಳ ಹಟ್ಟಿ ತುಂಬಾ ಮರಿಗಳಾಗಿ, ಎಲ್ಲರೂ ಚೆನ್ನಾಗಿದ್ರಂತೆ. ಒಂದೇ ತೊಂದರೆ. ಅವತ್ತಿಂದ ಪೆಲಟ್ಯನ ಪ್ರಾರ್ಥನೆ ಎಷ್ಟು ಮೆತ್ತಗಾಯ್ತು ಅಂದ್ರೆ, ಯಾವಾಗ ಆಮೆನ್ ಅನ್ನಬೇಕು ಅಂತ ಊರೋರಿಗೆ ಗೊತ್ತೇ ಆಗ್ತಿರ್ಲಿಲ್ಲವಂತೆ.

ಏನು? ಇನ್ನೂ ಕಣ್ಣು ಬಿಟ್ಟಿದೀಯಾ? ಆ ಕುರಿ ಸಲ್ಲದೇ ಇದ್ದಿದ್ರೆ ದೇವರು ಯೆಮೀಮಳನ್ನ ಕರ್ಕೊಂಡು ಬಿಡ್ತಿದ್ನಾ ಅಂತ ಕೇಳ್ತೀಯಾ? ಇಲ್ಲ ಕಣೇ ನನ್ನವ್ವ. ಬೆಟ್ಟದ ಮೇಲಿನ ಕುರಿಯೆಲ್ಲ ಅವನದ್ದೇ, ಅವನಿಗೇನು ಹಸಿವಾ? ಹಸಿವಾಗಿದ್ದು ಬಾಗಿಲಲ್ಲಿ ಕೂತಿದ್ದೋರಿಗೆ. ಆದ್ರೆ ತಾಯಿ ಹೆದರ್ತಾಳೆ, ಎಷ್ಟು ಹೇಳಿದ್ರೂ ಹೆದರ್ತಾಳೆ. ಎಲ್ಲಿ, ನಿನ್ನ ಹಣೆ ಕೊಡು ಇಲ್ಲಿ. ಹ್ಞಾ, ತಣ್ಣಗಿದೆ. ಅಲ್ಲಿಗೆ ಅವರ ಕೊಳಗ ಬರಿದಾಯ್ತು, ಇಲ್ಲಿಗೆ ಅಜ್ಜಿ ಬಾಯಿ ಬರಿದಾಯ್ತು, ಕತೆ ಮುಗೀತು, ಮಲಗು.