ಪರದೇಶಿ ಎಡೆ

ಒಂದಾನೊಂದು ಕಾಲದಲ್ಲಿ, ಭೂಮಿಯ ಆಚೆ ಮಗ್ಗುಲಲ್ಲಿ, ನಮಗೆ ಕತ್ತಲಾದಾಗ ಅವರಿಗೆ ಬೆಳಗಾಗೋ ಮೆಕ್ಸಿಕೋ ಸೀಮೇಲಿ, ಹಸಿಂತ ಅಂತ ಒಬ್ಬ ತಾಯಿ ಇದ್ಳಂತೆ. ಅವಳಿಗೆ ಒಬ್ಬಳೇ ಮಗಳು, ಚೋನಿ. ನಿನ್ನಷ್ಟೇ ದೊಡ್ಡೋಳು, ನಿನ್ನ ಹಾಗೇ ಖಾರ ಕಂಡ್ರೆ ಆಗದೋಳು. ಒಂದಿನ ನೀರು ತರೋಕೆ ಅಂತ ಹೊಳೆಗೆ ಹೋದೋಳು ವಾಪಸ್ ಬರಲೇ ಇಲ್ಲವಂತೆ. ಕೊಡ ಸಿಕ್ತು, ಮಗು ಸಿಗಲಿಲ್ಲ.

ಆ ಸೀಮೇಲಿ ವರ್ಷಕ್ಕೊಂದ್ಸಲ, ಎರಡು ದಿನ, ಸತ್ತೋರು ಮನೆಗೆ ಬರ್ತಾರಂತೆ. ದಾರಿ ತಪ್ಪದಿರಲಿ ಅಂತ ಚೆಂಡುಹೂವಿನ ಎಸಳು ಚೆಲ್ಲಿ, ಹೆಸರು ಕೂಗಿ ಕರೆದು, ಒಳಗೆ ಎಡೆ ಇಡ್ತಾರಂತೆ, ಮುಸುಕಿನ ಜೋಳದ ಕಡುಬು, ಮೆಣಸಿನಕಾಯಿ ಗೊಜ್ಜು. ಹೆಸರು ಕೂಗದಿದ್ರೆ ಅವರು ಹೊಸಿಲು ದಾಟೋ ಹಾಗಿಲ್ಲ. ಕರೆಯೋರು ಯಾರೂ ಇಲ್ಲದೋರಿಗೆ ಬಾಗಿಲಾಚೆ ಒಂದು ತಟ್ಟೆ, ಅದು ಪರದೇಶಿ ಎಡೆ. ಸತ್ತೋರು ಉಂಡಿದ್ದು ಹೇಗೆ ಗೊತ್ತಾಗುತ್ತೆ ಅಂತೀಯಾ? ಬೆಳಿಗ್ಗೆ ತಟ್ಟೆ ಇಟ್ಟ ಹಾಗೇ ಇರುತ್ತೆ, ರುಚಿ ಮಾತ್ರ ಇರಲ್ಲವಂತೆ.

ಮೊದಲ ವರ್ಷ ಹಸಿಂತಳ ಅತ್ತೆ, ಚೋನಿಗೆ ಎಡೆ ಇಡೇ ತಾಯೀ, ಹಸ್ಕೊಂಡಿರ್ತಾಳೆ ಅಂದ್ಳಂತೆ. ಹಸಿಂತ ಸಿಡುಕಿ, ಬದುಕಿರೋ ಮಗೂಗೆ ಎಡೆ ಇಟ್ಟು ನಾನೇ ಸಾಯಿಸ್ಲಾ ಅಂದ್ಳಂತೆ. ಆಮೇಲೆ ಎರಡನೇ ವರ್ಷಾನೂ ಹೆಸರು ಕೂಗಲಿಲ್ಲ. ಬೆಳಿಗ್ಗೆ ಪರದೇಶಿ ಎಡೆ ತಗೊಂಡೋಗಿ ಹಂದಿಗೆ ಸುರಿದ್ರೆ, ಹಂದಿ ಮೂಸಿ ಮುಖ ತಿರುಗಿಸ್ತಂತೆ. ಆಮೇಲೆ ಮೂರನೇ ವರ್ಷ, ಮೊದಲ ದಿನ ಕಳೆದು ಬೆಳಗಾದಾಗ, ಹಂದೀನೂ ತಿನ್ನದಂಥದ್ದು ಇದರಲ್ಲೇನಿದೆ ಅಂತ ತಾನೇ ಒಂದು ಚೂರು ಬಾಯಿಗಿಟ್ಳಂತೆ. ಕಡುಬು ಸಪ್ಪೆ, ಮಣ್ಣು ತಿಂದ ಹಾಗೆ. ಗೊಜ್ಜು ನೆಕ್ಕಿದ್ರೆ ನೆತ್ತಿಗೇರೋಷ್ಟು ಖಾರ. ಬಂದೋರು ಕಡುಬು ಉಂಡವ್ರೆ, ಗೊಜ್ಜು ಮುಟ್ಟಿಲ್ಲ.

ಹಸಿಂತ ಅಲ್ಲೇ ಕುಸಿದು ಕೂತ್ಳಂತೆ. ಅಯ್ಯೋ, ನನ್ನ ಕೂಸು ಸತ್ತೇ ಹೋಗಿದೆಯಲ್ಲಾ, ಮೂರು ವರ್ಷ ನಮ್ಮನೆ ಬಾಗಿಲಲ್ಲೇ ಪರದೇಶಿ ಹಾಗೆ ಉಂಡು ಹೋಗಿದೆಯಲ್ಲಾ, ನಾನು ಒಳಗೆ ಕರೀಲಿಲ್ಲವಲ್ಲಾ ಅಂತ ಎದೆ ಎದೆ ಬಡ್ಕೊಂಡ್ಳಂತೆ.

ಇನ್ನೂ ಒಂದು ದಿನ ಹಬ್ಬ ಉಳಿದಿತ್ತು. ಆಮೇಲೆ ಅತ್ತೆ ಸೊಸೆ ಇಬ್ಬರೂ ಹೊಳೆ ದಂಡೆಯಿಂದ ಅಡುಗೆಮನೆವರೆಗೂ ಹೂವಿನ ಎಸಳು ಚೆಲ್ಲಿ, ಖಾರ ಸೋಕಿಸದೆ ಕಡುಬು ಬೇಯಿಸಿ ಒಳಗಿಟ್ಟರಂತೆ. ಹಸಿಂತ ಹೊಸಿಲ ಮೇಲೆ ನಿಂತು, ಚೋನೀ, ಒಳಗೆ ಬಾರೇ ಮಗಳೇ ಅಂತ ಕೂಗಿದ್ಳಂತೆ. ಮೂರು ವರ್ಷದಲ್ಲಿ ಅದೇ ಮೊದಲು.

ಬಂದ್ಳು ಕಣೇ, ಬಂದ್ಳು. ಬೆಳಿಗ್ಗೆ ಒಳಗಿನ ಕಡುಬು ಪೂರ್ತಿ ಸಪ್ಪೆಯಂತೆ. ಹಸಿಂತ ಅದನ್ನ ಒಂದು ಚೂರೂ ಬಿಡದೆ ಉಂಡ್ಳಂತೆ.

ಅಲ್ಲಿಂದಾಚೆಗೆ ಅವಳು ಪರದೇಶಿ ಎಡೆಗೂ ಖಾರ ಹಾಕಲಿಲ್ಲವಂತೆ. ಬರೋದು ಯಾರ ಮಗುವೋ ಏನೋ ಅಂತ.

ಕತೆ ಇಲ್ಲಿಗೆ ಮುಗೀತು, ನೀನೂ ಕಣ್ಮುಚ್ಚು.