ಸಿದ್ಲಿಂಗ ಹಿತ್ತಲು ಕಾಯ್ದದ್ದು

ಒಂದೂರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ದೇವೀರಮ್ಮನಿಗೆ ಕಣ್ಣು ಚುರುಕು, ಮಂಡಿ ಬಿಗಿ. ಮಗ ಸಿದ್ಲಿಂಗನಿಗೆ ಮೈತುಂಬ ಕಸುವು, ತಲೆಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವಳ ಕರ್ಮ.

ಬೇಲಿಯಾಚೆ ವಾರಗಿತ್ತಿ ಚೆಲುವಾಜಮ್ಮ. ಅಣ್ಣತಮ್ಮಂದಿರು ಪಾಲಾದಾಗ ಮನೆ ಎರಡಾಯಿತು, ಹಿತ್ತಲು ಎರಡಾಯಿತು. ನಾದಿನಿ ಹೊಂಬಾಳಮ್ಮ ಮಾತ್ರ ಒಬ್ಬಳೇ ಉಳಿದಳು. ಅವಳನ್ನು ಹಂಚುವುದು ಹೇಗೆ? ಅತ್ತೆ ಸಾಯುವ ಮುಂಚೆ ಒಂದು ಕಟ್ಟಳೆ ಮಾಡಿದಳು: "ನನ್ನ ಮಗಳು ಗೌರಿ ಹಬ್ಬಕ್ಕೆ ತವರಿಗೆ ಬಂದಾಗ, ಯಾರ ಹಿತ್ತಲಲ್ಲಿ ದೊಡ್ಡ ಕುಂಬಳಕಾಯಿ ಬಿಟ್ಟಿರುತ್ತೋ ಅವರ ಮನೇಲಿ ಅವಳ ಎಲೆ."

ಆರು ವರ್ಷ. ಆರು ವರ್ಷವೂ ಹೊಂಬಾಳಮ್ಮನ ಎಲೆ ಚೆಲುವಾಜಮ್ಮನ ಮನೆಯಲ್ಲೇ ಬಿತ್ತು. ಆರು ವರ್ಷವೂ ದೇವೀರಮ್ಮ ಬೇಲಿ ಸಂದಿಗೆ ಒಂದು ಕಣ್ಣಿಟ್ಟು ಆಚೆಯ ಬಳ್ಳಿ ನೋಡಿದಳು, ಒಲೆ ಹಚ್ಚದೆ ಬೆಂದಳು.

ಯುಗಾದಿ ಕಳೆಯಿತು. ದೇವೀರಮ್ಮ ಮಗನನ್ನು ಕರೆದಳು. "ಸಿದ್ಲಿಂಗ, ಈ ವರ್ಷ ನಮ್ಮ ಹಿತ್ತಲು ಮೇಲಾಗಬೇಕು. ಚಿಕ್ಕವ್ವನ ಹಿತ್ತಲು ನೋಡ್ಕೊಂಡು ಬಾ. ಅಲ್ಲಿ ಹೆಂಗಿದೆಯೋ ಇಲ್ಲೂ ಹಂಗೇ ಮಾಡು. ಕೂದಲೆಳೆ ಹೆಚ್ಚುಕಮ್ಮಿ ಆಗಕೂಡದು."

ಸಿದ್ಲಿಂಗ ಹೋದ, ನೋಡಿದ, ಎಣಿಸಿದ, ಬಂದ. ಸಂಜೆಯವರೆಗೆ ಅಗೆದ. ದೇವೀರಮ್ಮ ಬಂದು ನೋಡುತ್ತಾಳೆ: ಗೋಡೆಯುದ್ದಕ್ಕೆ ಐದು ಪಾತಿ, ತಿಪ್ಪೆಯ ಪಕ್ಕ ಕುಂಬಳಕ್ಕೆ ಎರಡು ಗುಣಿ, ಬಚ್ಚಲ ನೀರಿಗೆ ಸಣ್ಣ ಕಾಲುವೆ. ಎಲ್ಲ ಸರಿ. ಮೂರನೇ ಪಾತಿಯಲ್ಲಿ ಮಾತ್ರ ಮನೆಯ ಎಮ್ಮೆ, ಕಾಲು ಕಟ್ಟಿಸಿಕೊಂಡು ಮಲಗಿದೆ.

"ಏನೋ ಇದು?"

"ಚಿಕ್ಕವ್ವನ ಮೂರನೇ ಪಾತೀಲಿ ಎಮ್ಮೆ ಮಲಗಿತ್ತು ಕಣವ್ವ. ನಮ್ಮದು ಮಲಗ್ಲಿಲ್ಲ. ಕಟ್ಟಿ ಮಲಗಿಸ್ದೆ."

"ಅದು ಹಗ್ಗ ಕಿತ್ಕೊಂಡು ಬಂದ ಎಮ್ಮೆ ಕಣೋ ದಡ್ಡ. ಪಾತಿ ಅಂದ್ರೆ ಮಣ್ಣು. ಮಣ್ಣು ಬಿಟ್ಟು ಬೇರೆ ಏನು ಕಂಡರೂ ಕಿತ್ತು ಆಚೆ ಹಾಕಬೇಕು. ತಿಳೀತಾ?"

"ತಿಳೀತು ಕಣವ್ವ. ಇದನ್ನ ಮೊದಲೇ ಹೇಳೋದಲ್ವಾ?"

ಭರಣಿ ಮಳೆ ಬಿತ್ತು. ದೇವೀರಮ್ಮ ಮಂಡಿ ಹಿಡಿದುಕೊಂಡೇ ಕುಂಬಳ ಊರಿದಳು, ಹೀರೆ ಊರಿದಳು, ಬೆಂಡೆ ಊರಿದಳು. ಎಂಟನೇ ದಿನ ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡು ಮೊಳಕೆ ಎದ್ದವು. ಒಂಬತ್ತನೇ ದಿನ ನೋಡಿದರೆ ಒಂದೂ ಇಲ್ಲ. ಪಾತಿ ಬೋಳು, ಅಂಗೈಯಷ್ಟು ನುಣುಪು.

"ಮೊಳಕೆ ಎಲ್ಲೋ?"

"ಮಣ್ಣು ಬಿಟ್ಟು ಬೇರೆ ಏನೋ ಕಾಣ್ತು ಕಣವ್ವ. ಕಿತ್ತೆ. ಒಂದೂ ಬಿಟ್ಟಿಲ್ಲ, ಬೇಕಾದ್ರೆ ನೋಡು."

ದೇವೀರಮ್ಮ ಹಣೆ ಚಚ್ಚಿಕೊಂಡಳು. ಆ ಸದ್ದಿಗೆ ಬೇಲಿಯ ಮೇಲೆ ಚೆಲುವಾಜಮ್ಮನ ತಲೆ ಎದ್ದಿತು. "ಯಾಕಕ್ಕ, ಈ ಸಲ ಬೀಜ ಹುಟ್ಟಲಿಲ್ವಾ? ನನ್ನ ಹತ್ರ ಬೇಕಾದಷ್ಟಿದೆ, ಕೊಡ್ತೀನಿ ತಗೋ."

ಬೇಡ ಅನ್ನಬೇಕೆಂದು ನಾಲಗೆ ತುದಿಗೆ ಬಂತು. ಆದರೆ ಬೀಜದ ಬುರುಡೆ ಖಾಲಿ. ಚೆಲುವಾಜಮ್ಮ ಕೊಟ್ಟ ಬೀಜವನ್ನು ದೇವೀರಮ್ಮ ಅಂಗೈಯಲ್ಲಿ ಕೆಂಡ ಹಿಡಿದ ಹಾಗೆ ಹಿಡಿದು ತಂದಳು. ಮತ್ತೆ ಊರಿದಳು.

"ಈಗ ಕೇಳೋ ಸಿದ್ಲಿಂಗ. ಹಸಿರು ಕಂಡರೆ ಕೀಳಬೇಡ. ಅದರ ಬುಡಕ್ಕೆ ಮಣ್ಣು ಏರಿಸಿ ಒಂದು ಕೊಡ ನೀರು ಹುಯ್ಯಿ."

"ಇದನ್ನ ಮೊದಲೇ ಹೇಳೋದಲ್ವಾ?"

ಮಳೆ ಕೈಕೊಟ್ಟಿತು, ಸಿದ್ಲಿಂಗ ಕೈಕೊಡಲಿಲ್ಲ. ಹಸಿರು ಕಂಡಲ್ಲೆಲ್ಲ ಮಣ್ಣು ಏರಿಸಿದ, ಕೊಡ ಬಗ್ಗಿಸಿದ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಎರಡು ಮಿಡಿಯೂ ಕಚ್ಚಿತು. ದೇವೀರಮ್ಮನ ಎದೆ ತಣ್ಣಗಾಗುವ ಹೊತ್ತಿಗೆ ಚೆಲುವಾಜಮ್ಮ ಹೊಸ ಸೀರೆ ಉಟ್ಟು ಬಂದಳು. ಗಿಳಿ ಹಸಿರು.

"ನಾದಿನಿ ಕಳಿಸಿದ್ದು ಕಣಕ್ಕ. ಹೆಂಗಿದೆ?"

ದೇವೀರಮ್ಮ ಸೀರೆಯ ಅಂಚು ಹಿಡಿದು ತಿರುವಿ ನೋಡಿದಳು. ನಾದಿನಿ ತನಗೆ ಒಂದು ರವಿಕೆ ಕಣವನ್ನೂ ಕಳಿಸಿರಲಿಲ್ಲ. ಅಂಚು ಕೈಬಿಡುವಷ್ಟರಲ್ಲಿ ಸಿದ್ಲಿಂಗ ಗುದ್ದಲಿ ಹಿಡಿದು ಬಂದ. ಚಿಕ್ಕವ್ವನ ಕಾಲ ಸುತ್ತ ಮಣ್ಣು ಏರಿಸಿದ. ಮೆಲ್ಲಗೆ, ಬುಡ ನೆನೆಯುವ ಹಾಗೆ, ಒಂದು ಕೊಡ ನೀರು ಹುಯ್ದ.

ದೇವೀರಮ್ಮ ಸೆರಗು ಕಚ್ಚಿಕೊಂಡಳು. ಬಾಯಲ್ಲಿ "ಅಯ್ಯೋ ಚೆಲುವಿ" ಅಂದಳು, ಹೊಟ್ಟೆಯಲ್ಲಿ ಪಾಯಸ ಕುದಿಯಿತು. ಚೆಲುವಾಜಮ್ಮ ಕೆಸರಿನಿಂದ ಕಾಲು ಕಿತ್ತುಕೊಂಡಳು. ಹೋಗುವ ಮುಂಚೆ ಬೆರಳು ನೀಡಿ ಮಿಡಿಯನ್ನು ತೋರಿಸಿದಳು.

"ಆ ಮಿಡಿ ನಿಲ್ಲುತ್ತಾ, ನಾನೂ ನೋಡ್ತೀನಿ."

ಪಾಯಸ ಆರಿಹೋಯಿತು. ಮಿಡಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ತೋರಿಸಬೇಕು. ಊರಲ್ಲಿ ಮೂರು ವರ್ಷದ ಕೂಸಿಗೂ ಗೊತ್ತಿರುವ ಮಾತು ಅದು.

ದೇವೀರಮ್ಮ ಮಿಡಿಗಳಿಗೆ ಮಸಿಯ ಬೊಟ್ಟಿಟ್ಟಳು. ಮಗನನ್ನು ಕೂರಿಸಿಕೊಂಡಳು.

"ಹೊಟ್ಟೆಕಿಚ್ಚಿನ ಕಣ್ಣು ಕೆಟ್ಟದ್ದು ಕಣೋ. ಬೇಲಿ ಸಂದೀಲಿ ಇಣುಕಿ, ಇನ್ನೊಬ್ಬರ ಕಾಯಿ ನೋಡಿ ಯಾರು ನಿಟ್ಟುಸಿರು ಬಿಡ್ತಾರೋ, ಅವರ ದೃಷ್ಟಿ ಬಿತ್ತು ಅಂತ ತಿಳ್ಕೋ. ಹಬ್ಬದ ದಿನ ಒಂದು ದೊಡ್ಡ ಕುಂಬಳಕಾಯಿ ತಗೊಂಡು, ದೃಷ್ಟಿ ಬಿದ್ದ ಬಳ್ಳಿಗೆ ಮೂರು ಸುತ್ತು ನಿವಾಳಿಸಿ, ಆ ಬಳ್ಳಿಯವರ ಮನೆ ಬಾಗಿಲ ಮುಂದೆ ಒಡೀಬೇಕು. ನಾನು ಒಲೆ ಮುಂದೆ ಇರ್ತೀನಿ, ನನ್ನ ಕೇಳೋಕೆ ಬರಬೇಡ."

"ಕೇಳಲ್ಲ ಕಣವ್ವ. ಇದನ್ನ ಮೊದಲೇ ಹೇಳೋದಲ್ವಾ?"

ಅದಕ್ಕೆಂದೇ ಅವಳು ಸಂತೆಯಿಂದ ಬೂದುಗುಂಬಳ ತಂದು ಜಗುಲಿಯ ಮೇಲಿಟ್ಟಳು.

ಆಷಾಢ ಹೋಯಿತು, ಶ್ರಾವಣ ಹೋಯಿತು. ಒಂದು ಮಿಡಿ ಉದುರಿತು, ಇನ್ನೊಂದು ನಿಂತಿತು. ನಿಂತದ್ದು ಊದಿತು, ಊದಿ ಕೊಪ್ಪರಿಗೆಯಾಯಿತು. ದೇವೀರಮ್ಮ ದಿನಾ ಅದರ ಸುತ್ತ ದಾರ ಹಿಡಿದು ಅಳೆಯುತ್ತಿದ್ದಳು. ಅಳೆದು ಬೇಲಿ ಸಂದಿಗೆ ಹೋಗುತ್ತಿದ್ದಳು. ತನ್ನದು ಎರಡು ಬೆರಳು ದೊಡ್ಡದು. ಆದರೂ ಚೆಲುವಿಯದಕ್ಕೆ ಎಂಥ ಬಣ್ಣ, ಎಂಥ ಹೊಳಪು! ಉಸ್ಸೆಂದು ನಿಟ್ಟುಸಿರು ಬಿಡುತ್ತಿದ್ದಳು. ಸಿದ್ಲಿಂಗ ನೀರು ಹುಯ್ಯುತ್ತಾ ನೋಡುತ್ತಿದ್ದ.

ಗೌರಿ ಹಬ್ಬ ಬಂತು, ಹೊಂಬಾಳಮ್ಮ ಬಂದಳು. ಆ ಹಿತ್ತಲು ನೋಡಿದಳು, ಈ ಹಿತ್ತಲು ನೋಡಿದಳು. "ಅತ್ತಿಗೆ, ಈ ಸಲ ನಿಮ್ಮದೇ ದೊಡ್ಡದು. ನನ್ನ ಎಲೆ ಇಲ್ಲೇ ಹಾಕಿ."

ಆರು ವರ್ಷ ಕಾದ ಮಾತು. ದೇವೀರಮ್ಮನಿಗೆ ಮಂಡಿ ನೋವೇ ಮರೆತುಹೋಯಿತು. ಓಡಿ ಒಳಗೆ ಹೋದಳು, ಎಲೆ ಹಾಕಿದಳು, ನಾದಿನಿಯನ್ನು ಕೂರಿಸಿದಳು, ಹುಳಿಗೆ ಖಾರ ಅರೆದಳು. "ಸಿದ್ಲಿಂಗ, ಕಾಯಿ ಕಿತ್ತು ತಾರೋ" ಅಂತ ಕೂಗಿದಳು.

ಕಾಯಿ ಬರಲಿಲ್ಲ. ಪಕ್ಕದ ಮನೆ ಕಡೆಯಿಂದ ಧಡ್ ಅಂತ ಸದ್ದು ಬಂತು.

ದೇವೀರಮ್ಮ ಓಡಿದಳು, ಹೊಂಬಾಳಮ್ಮ ಹಿಂದೆಯೇ ಬಂದಳು. ಚೆಲುವಾಜಮ್ಮನ ಬಾಗಿಲ ಮುಂದೆ ಕುಂಬಳಕಾಯಿ ಎಂಟು ಹೋಳಾಗಿ ಬಿದ್ದಿತ್ತು. ಒಳಗೆಲ್ಲ ಚಿನ್ನದ ಬಣ್ಣ, ಮೇಲೆ ಕುಂಕುಮ. ಸಿದ್ಲಿಂಗ ಭಕ್ತಿಯಿಂದ ಕೈಮುಗಿದು ನಿಂತಿದ್ದ.

ಚೆಲುವಾಜಮ್ಮ ಬೆಪ್ಪಾಗಿ ಕೇಳಿದಳು, "ಯಾರ ದೃಷ್ಟಿ ತೆಗೆದೆಯೋ?"

"ನಮ್ಮವ್ವಂದು ಚಿಕ್ಕವ್ವ. ದಿನಾ ಬೇಲಿ ಸಂದೀಲಿ ಇಣುಕೋಳು, ನಿನ್ನ ಕಾಯಿ ನೋಡಿ ನಿಟ್ಟುಸಿರು ಬಿಡೋಳು. ಇನ್ನೇನೂ ಭಯ ಇಲ್ಲ."

ಹೊಂಬಾಳಮ್ಮ ಅತ್ತಿಗೆಯ ಮುಖ ನೋಡಿದಳು. ದೇವೀರಮ್ಮ ನೆಲ ನೋಡಿದಳು. ಕಡೆಗೆ ಸಣ್ಣ ದನಿಯಲ್ಲಿ ಕೇಳಿದಳು, "ಜಗುಲೀಲಿ ಬೂದುಗುಂಬಳ ಇರಲಿಲ್ವೇನೋ?"

"ಇತ್ತು ಕಣವ್ವ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಇದೇ ದೊಡ್ಡದು. ದೊಡ್ಡದೇ ಅಂದಿದ್ದೆಯಲ್ಲ."

ಈಗ ಎರಡು ಹಿತ್ತಲಲ್ಲಿ ಉಳಿದದ್ದು ಒಬ್ಬಳ ಕಾಯಿ. ಕಟ್ಟಳೆ ಕಟ್ಟಳೆಯೇ. ಹೊಂಬಾಳಮ್ಮ ದೇವೀರಮ್ಮನ ಮನೆಗೆ ಹಿಂದಿರುಗಿದಳು. ಹಾಸಿದ್ದ ಎಲೆಯನ್ನು ತಾನೇ ಎತ್ತಿಕೊಂಡು ಏಳನೇ ವರ್ಷವೂ ಚೆಲುವಾಜಮ್ಮನ ಹೊಸಿಲು ದಾಟಿದಳು.

ದೇವೀರಮ್ಮ ಬಂದು ಒಲೆಯ ಮುಂದೆ ಕೂತಳು. ಖಾರ ಅರೆದಿತ್ತು, ನೀರು ಕುದಿಯುತ್ತಿತ್ತು. ಸಿದ್ಲಿಂಗ ಜಗುಲಿಯಿಂದ ಬೂದುಗುಂಬಳ ಹೆಗಲ ಮೇಲೆ ಹೊತ್ತುಕೊಂಡು ಮತ್ತೆ ಹೊರಟ.

"ಎಲ್ಲಿಗೋ?"

"ನೀನು ಚಿಕ್ಕವ್ವನ ಹೀರೆಕಾಯೂ ನೋಡ್ತಿದ್ದೆಯಲ್ಲವ್ವ" ಅಂದ. "ಅದಕ್ಕೆ ಇದು ಸಾಕು."

ಧಡ್.